ಎದುರಾಳಿಯ ಸಾಕ್ಷಿ

1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ಪಂಜಾಬಿನ ಆದಂಪುರ ವಾಯುನೆಲೆಯಲ್ಲಿ ಲೆಕ್ಕಕ್ಕೆ ಒಂದು ವಿಮಾನ ಕಡಿಮೆ ಬಂತು. ನಸುಕಿನ ಕತ್ತಲಲ್ಲಿ ಗಡಿ ದಾಟಿ ಹೋಗಿದ್ದ ಮಿಸ್ಟೀರ್ ಯುದ್ಧವಿಮಾನಗಳು ಮರಳಿ ಬಂದು ನೆಲಕ್ಕಿಳಿದಿದ್ದವು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಮಾತ್ರ ಬಂದಿರಲಿಲ್ಲ. ಯುದ್ಧವಿಮಾನದ ಟ್ಯಾಂಕಿನಲ್ಲಿ ಎಷ್ಟು ಇಂಧನವಿದೆ, ಅದು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಪೈಲಟ್‌ಗಳಿಗೆ ನಿಮಿಷದ ಲೆಕ್ಕದಲ್ಲಿ ಗೊತ್ತಿರುತ್ತದೆ. ಆ ಹೊತ್ತೂ ಮೀರಿತು. ಕಡತದಲ್ಲಿ ಅವರ ಹೆಸರಿನ ಮುಂದೆ 'ನಾಪತ್ತೆ' ಎಂದು ಬರೆಯಲಾಯಿತು. ಆ ಪದದ ಹಿಂದೆ ನಡೆದದ್ದೇನು ಎಂದು ತಿಳಿಯಲು ಹದಿನಾಲ್ಕು ವರ್ಷ ಹಿಡಿಯಿತು. ತಿಳಿದದ್ದನ್ನು ದೇಶ ಅಧಿಕೃತವಾಗಿ ಒಪ್ಪಿ ಗೌರವಿಸಲು ಇನ್ನೂ ಒಂಬತ್ತು ವರ್ಷ ಬೇಕಾಯಿತು.

ಹಿಂದಿನ ದಿನ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ವಿಮಾನಗಳಿಗೆ ಬೆಂಕಿ ಹಚ್ಚಿ ಹೋಗಿದ್ದವು. ಅದಕ್ಕೆ ಉತ್ತರ ಕೊಡಲೇಬೇಕಿತ್ತು. ಗುರಿಯಾಗಿ ಆರಿಸಿದ್ದು ಸರ್ಗೋಧಾವನ್ನು. ಅದು ಪಾಕಿಸ್ತಾನ ವಾಯುಪಡೆಯ ಅತ್ಯಂತ ಬಲಿಷ್ಠ ನೆಲೆ. ಸಮೀಪದ ಸಕೇಸರ್ ಬೆಟ್ಟದ ಮೇಲಿನ ರೇಡಾರ್ ಅದಕ್ಕೆ ಕಾವಲು ಕಣ್ಣಾಗಿತ್ತು. ಆದಂಪುರದಿಂದ ಅಲ್ಲಿಗೆ ಸುಮಾರು 300 ಕಿಲೋಮೀಟರ್. ರೇಡಾರಿಗೆ ಸಿಗದಂತೆ ಮರಗಳ ತಲೆ ಸವರುವಷ್ಟು ಕೆಳಗೆ ಹಾರಬೇಕು. ಹಾಗೆ ಹಾರಿದರೆ ಇಂಧನ ಬೇಗ ಕರಗುತ್ತದೆ. ಹೋಗಿ, ಹೊಡೆದು, ಮರಳಲು ಸಾಲುವಷ್ಟೇ ಇಂಧನ ಇರುತ್ತಿದ್ದುದರಿಂದ ದಾರಿಯಲ್ಲಿ ವಾಯುಕಾಳಗಕ್ಕೆ ಇಳಿಯುವ ಮಾತೇ ಇರಲಿಲ್ಲ.

ದಾಳಿಯ ಹೊಣೆ ಬಿದ್ದದ್ದು 'ಟೈಗರ್ಸ್' ಎಂದು ಹೆಸರಾಗಿದ್ದ ಒಂದನೇ ಸ್ಕ್ವಾಡ್ರನ್ ಮೇಲೆ. ಅದರ ಮುಖ್ಯಸ್ಥ ವಿಂಗ್ ಕಮಾಂಡರ್ ಓ.ಪಿ. ತನೇಜಾ ಹನ್ನೆರಡು ಮಿಸ್ಟೀರ್‌ಗಳ ಪಡೆ ಕಟ್ಟಿದರು. ಯಾವುದಾದರೂ ವಿಮಾನ ಕೈಕೊಟ್ಟರೆ ಅದರ ಜಾಗ ತುಂಬಲು ಹೆಚ್ಚುವರಿ ಪೈಲಟ್‌ಗಳು ಸಿದ್ಧರಿರಬೇಕಿತ್ತು. ಹಾಗೆ ಕಾದಿರಿಸಿದವರಲ್ಲಿ ದೇವಯ್ಯ ಒಬ್ಬರು.

1932ರಲ್ಲಿ ಹುಟ್ಟಿದ ದೇವಯ್ಯ ಕೊಡಗಿನ ಅಜ್ಜಮಾಡ ಮನೆತನದವರು. 1954ರಲ್ಲಿ ವಾಯುಪಡೆ ಸೇರಿದ್ದರು. ಗೆಳೆಯರ ಬಳಗದಲ್ಲಿ ಅವರು 'ಟಬ್ಬಿ'. ಯುದ್ಧ ಶುರುವಾಗುವ ತನಕ ಅವರು ಎಳೆಯ ಪೈಲಟ್‌ಗಳಿಗೆ ಹಾರಾಟ ಕಲಿಸುತ್ತಿದ್ದ ಮೇಷ್ಟ್ರು. ಯುದ್ಧದ ಕರೆ ಬಂದಾಗ ಟೈಗರ್ಸ್ ಪಡೆಗೆ ಬಂದಿದ್ದರು. ಪಾಠ ಹೇಳುವವರು ಯುದ್ಧಕ್ಕೆ ಬಂದಾಗ ಸಿಕ್ಕಿದ್ದು ಕಾದಿರಿಸಿದವರ ಪಟ್ಟಿಯಲ್ಲಿ ಒಂದು ಜಾಗ. ಆ ಜಾಗದಲ್ಲಿದ್ದವರು ನೆಲೆಗೆ ಮರಳಿ ಬಂದು ನಾಷ್ಟಾ ಮಾಡಿದ್ದರೂ ಯಾರೂ ತಪ್ಪು ಎಣಿಸುತ್ತಿರಲಿಲ್ಲ. ದೇವಯ್ಯ ಮರಳಲಿಲ್ಲ, ದಾಳಿಯ ಪಡೆಯ ಜೊತೆಗೇ ಗಡಿ ದಾಟಿದರು.

ಸರ್ಗೋಧಾ ತಲುಪಿದಾಗ ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಮಸುಕಿನಲ್ಲಿ ಗುರಿ ಹುಡುಕಿ, ರಾಕೆಟ್ ಹಾರಿಸಿ, ವಿಮಾನ ವಿರೋಧಿ ಫಿರಂಗಿಗಳ ಗುಂಡಿನ ನಡುವೆ ನುಸುಳಿ ಮಿಸ್ಟೀರ್‌ಗಳು ಪೂರ್ವಕ್ಕೆ ಮುಖ ಮಾಡಿದವು. ರೇಡಿಯೋದಲ್ಲಿ ಮಾತಾಡುವಂತಿರಲಿಲ್ಲ. ನೆಲಕ್ಕಂಟಿಕೊಂಡು ಓಡುವ ಆ ವೇಗದಲ್ಲಿ ಹಿಂದೆ ಯಾರಿಗೆ ಏನಾಯಿತು ಎಂದು ತಿರುಗಿ ನೋಡಲೂ ಆಗುತ್ತಿರಲಿಲ್ಲ. ಹೀಗಾಗಿ ದೇವಯ್ಯನವರ ಕೊನೆಯ ಕ್ಷಣಗಳನ್ನು ಹೇಳಬಲ್ಲವರು ಆದಂಪುರದಲ್ಲಿ ಯಾರೂ ಇರಲಿಲ್ಲ. ನೆಲದ ಫಿರಂಗಿಗೆ ಸಿಕ್ಕಿರಬಹುದು, ಕತ್ತಲಲ್ಲಿ ನೆಲಕ್ಕೆ ಬಡಿದಿರಬಹುದು, ಪ್ಯಾರಾಚೂಟಿನಲ್ಲಿ ಜಿಗಿದು ಸೆರೆ ಸಿಕ್ಕಿರಲೂಬಹುದು. ಮೂರಕ್ಕೂ ಆಧಾರವಿಲ್ಲ.

ಕೊಡಗಿನ ಮನೆಯಲ್ಲಿ ಕಾಯುವಿಕೆ ಶುರುವಾಯಿತು. ಸತ್ತ ಸುದ್ದಿ ಬಂದರೆ ಅಳಬಹುದು, ಬದುಕಿದ ಸುದ್ದಿ ಬಂದರೆ ದೀಪ ಹಚ್ಚಬಹುದು. ನಾಪತ್ತೆ ಎಂಬ ಸುದ್ದಿಗೆ ಮಾಡಬೇಕಾದ ಕ್ರಿಯೆ ಯಾವ ಮನೆಯ ಹಿರಿಯರಿಗೂ ಗೊತ್ತಿಲ್ಲ.

ಅದೇ ಯುದ್ಧದಲ್ಲಿ, ಎರಡು ವಾರದ ಬಳಿಕ, ಕೊಡಗಿನ ಇನ್ನೊಬ್ಬ ಪೈಲಟ್ ಶತ್ರುನೆಲದಲ್ಲಿ ಬಿದ್ದರು. ಸೆಪ್ಟೆಂಬರ್ 22ರಂದು ಹಂಟರ್ ವಿಮಾನದಿಂದ ಜಿಗಿದು ಸೆರೆಯಾದ ಅವರು ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ. ಕಾರ್ಯಪ್ಪನವರನ್ನು ಅವಿಭಜಿತ ಸೈನ್ಯದ ದಿನಗಳಿಂದ ಬಲ್ಲ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷರು. ಸೆರೆಯ ಸುದ್ದಿ ರೇಡಿಯೋದಲ್ಲೇ ಬಂತು, ಬಿಡುಗಡೆಯ ಮಾತೂ ಬಂತು. ತಮ್ಮ ಮಗನಿಗೆ ಮಾತ್ರ ವಿಶೇಷ ಉಪಚಾರ ಬೇಡ, ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರೂ ತಮ್ಮ ಮಕ್ಕಳೇ ಎಂಬರ್ಥದ ಉತ್ತರ ಕೊಟ್ಟು ಜನರಲ್ ಸುಮ್ಮನಾದರು. 1966ರ ಜನವರಿಯಲ್ಲಿ ತಾಷ್ಕೆಂಟ್ ಒಪ್ಪಂದವಾಗಿ ಸೆರೆಯಾಳುಗಳು ಗಡಿ ದಾಟಿ ಬಂದಾಗ ನಂದಾ ಕಾರ್ಯಪ್ಪ ಮನೆ ಸೇರಿದರು. ಬಂದವರ ಪಟ್ಟಿಯಲ್ಲಿ ದೇವಯ್ಯನವರ ಹೆಸರಿರಲಿಲ್ಲ. ಬದುಕಿ ಸೆರೆಯಲ್ಲಿರಬಹುದೆಂಬ ಆಸೆಯೂ ಅಲ್ಲಿಗೆ ಬತ್ತಿತು. ಕಡತ ಮುಚ್ಚಿತು.

1971ರಲ್ಲಿ ಮತ್ತೊಂದು ಯುದ್ಧ ಬಂತು. ಡಿಸೆಂಬರ್ 5ರಂದು ಅಮೃತಸರದ ಮೇಲೆ ದಾಳಿಗೆ ಬಂದ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವೊಂದನ್ನು ನಮ್ಮ ಫಿರಂಗಿಗಳು ಹೊಡೆದುರುಳಿಸಿದವು. ಅದರ ಪೈಲಟ್ ವಿಂಗ್ ಕಮಾಂಡರ್ ಅಮ್ಜದ್ ಹುಸೇನ್ ಖಾನ್ ಜಿಗಿದು ಬದುಕಿ ಸೆರೆ ಸಿಕ್ಕರು. ಯುದ್ಧಕೈದಿಯಾಗಿ ಭಾರತದಲ್ಲಿದ್ದು, ಕೊನೆಗೆ ತಮ್ಮ ದೇಶಕ್ಕೆ ಮರಳಿದರು. ಆರು ವರ್ಷದ ಹಿಂದೆ ಸರ್ಗೋಧಾದ ಆಕಾಶದಲ್ಲಿ ನಡೆದದ್ದನ್ನು ಕಣ್ಣಾರೆ ಕಂಡು ಬದುಕಿ ಉಳಿದಿದ್ದವರು ಅವರೇ. ಉತ್ತರ ಬಲ್ಲ ಮನುಷ್ಯ ನಮ್ಮ ನೆಲದಲ್ಲೇ ಇದ್ದು ಹೋದರೂ ದೇವಯ್ಯನವರ ಕಡತಕ್ಕೆ ಒಂದು ಸಾಲೂ ಸೇರಲಿಲ್ಲ.

ಬಾಗಿಲು ತೆರೆದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಬ್ರಿಟಿಷ್ ವಿಮಾನಯಾನ ಬರಹಗಾರ ಜಾನ್ ಫ್ರಿಕರ್ 1965ರ ವಾಯುಯುದ್ಧವನ್ನು ಪಾಕಿಸ್ತಾನದ ಕಡೆಯಿಂದ ಬರೆಯಲು ಹೊರಟಿದ್ದರು. ಪಾಕಿಸ್ತಾನ ವಾಯುಪಡೆಯ ನೆರವು ಅವರಿಗಿತ್ತು. ಪುಸ್ತಕದ ಹೆಸರು 'ಬ್ಯಾಟಲ್ ಫಾರ್ ಪಾಕಿಸ್ತಾನ್', ಪ್ರಕಟವಾದದ್ದು 1979ರಲ್ಲಿ. ಅದರ ಒಲವು ಯಾವ ಕಡೆಗೆಂದು ಹೆಸರೇ ಹೇಳುತ್ತದೆ. ಭಾರತದ ಪೈಲಟ್ ಒಬ್ಬರ ಸಾಹಸವನ್ನು ಬೆಳಕಿಗೆ ತರುವ ಉದ್ದೇಶ ಆ ಪುಸ್ತಕಕ್ಕಿರಲಿಲ್ಲ. ಆದರೂ ಸೆಪ್ಟೆಂಬರ್ 7ರ ಬೆಳಗಿನ ಘಟನೆಗಳನ್ನು ಹೇಳುತ್ತಾ ಅದು ಒಂದು ಸಂಗತಿ ಬಿಟ್ಟುಕೊಟ್ಟಿತು. ಆ ದಿನ ಸರ್ಗೋಧಾದ ಕಾವಲಿಗೆ ಎದ್ದಿದ್ದ ಒಂದು ಸ್ಟಾರ್‌ಫೈಟರ್ ಮರಳಲಿಲ್ಲ. ಅದು ಬಿದ್ದದ್ದು ಒಂದು ಮಿಸ್ಟೀರ್ ಜೊತೆಗಿನ ಕಾಳಗದಲ್ಲಿ.

ಭಾರತದ ವಾಯುಪಡೆಯವರು ಆ ಸಾಲುಗಳನ್ನು ಮತ್ತೆ ಮತ್ತೆ ಓದಿರಬೇಕು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಅಮೆರಿಕದ ವಿಮಾನ. ಸೈಡ್‌ವೈಂಡರ್ ಕ್ಷಿಪಣಿ, ಮಿನಿಟಿಗೆ ಸಾವಿರಗಟ್ಟಲೆ ಗುಂಡು ಉಗುಳುವ ಆರು ನಳಿಗೆಯ ಫಿರಂಗಿ ಅದರ ಆಯುಧ. ಫ್ರಾನ್ಸಿನ ಮಿಸ್ಟೀರ್ ಅದಕ್ಕಿಂತ ಒಂದು ತಲೆಮಾರು ಹಳೆಯದು. ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಅಂಥದ್ದರಲ್ಲಿ ಮಿಸ್ಟೀರ್ ಒಂದು ಸ್ಟಾರ್‌ಫೈಟರನ್ನು ಕೆಡವಿದೆ ಎಂದು ಎದುರಾಳಿಯ ಕಡೆಯ ಪುಸ್ತಕವೇ ಹೇಳುತ್ತಿದೆ. ಹಾಗಾದರೆ ಕೆಡವಿದವರು ಯಾರು?

ಎರಡೂ ಕಡೆಯ ಲೆಕ್ಕ ಪಕ್ಕಪಕ್ಕ ಬಂದದ್ದು ಆಗಲೇ. ಪಾಕಿಸ್ತಾನದ ಕತೆಯ ಪ್ರಕಾರ ಸ್ಟಾರ್‌ಫೈಟರಿನ ಪೈಲಟ್ ಮೊದಲು ಒಂದು ಮಿಸ್ಟೀರಿಗೆ ಗುಂಡು ಹೊಡೆದಿದ್ದರು. ಅದರ ಕತೆ ಮುಗಿಯಿತೆಂದು ತಿಳಿದು ಉಳಿದವರತ್ತ ಹೊರಳಿದ್ದರು. ಆ ಬಳಿಕ ಒಂದು ಮಿಸ್ಟೀರ್ ಅವರ ಮೇಲೆ ತಿರುಗಿಬಿದ್ದಿತ್ತು. ಆದಂಪುರದ ಲೆಕ್ಕದ ಪ್ರಕಾರ ಆ ನಸುಕಿನ ದಾಳಿಯಿಂದ ಮರಳದ ಮಿಸ್ಟೀರ್ ಒಂದೇ ಒಂದು. ಮರಳಿ ಬಂದವರಲ್ಲಿ ಸ್ಟಾರ್‌ಫೈಟರ್ ಜೊತೆ ಕಾದಾಡಿದೆನೆಂದು ಹೇಳಿದವರು ಒಬ್ಬರೂ ಇರಲಿಲ್ಲ. ಕಾದಾಡಿದ್ದರೆ ಅಂಥ ಸುದ್ದಿಯನ್ನು ಯಾವ ಪೈಲಟ್ ತಾನೇ ಮುಚ್ಚಿಟ್ಟುಕೊಂಡಾರು? ಗುಂಡೇಟು ತಿಂದ ವಿಮಾನ, ತಿರುಗಿ ಹೊಡೆದ ವಿಮಾನ ಎರಡೂ ಒಂದೇ ಆಗಿರಬೇಕು. ಅದರ ಪೈಲಟ್ ಅಜ್ಜಮಾಡ ದೇವಯ್ಯ.

ತರ್ಕ ಗಟ್ಟಿಯಾಗಿತ್ತು. ಆದರೆ ತರ್ಕದ ಬಲದಿಂದ ಮಾತ್ರ ಸರ್ಕಾರಿ ಕಡತ ಕದಲುವುದಿಲ್ಲ. ಅದನ್ನು ತಳ್ಳುವ ಕೈ ಬೇಕು. ಆ ಕೆಲಸ ಹೊತ್ತವರು ಅಂದು ದಾಳಿಯನ್ನು ಮುನ್ನಡೆಸಿದ್ದ ತನೇಜಾ. ಅವರಿಗೆ ಆ ಯುದ್ಧದ ವೀರಚಕ್ರ ಎಂದೋ ಬಂದಿತ್ತು. ತಮ್ಮ ಪಾಲಿನದು ಮುಗಿಯಿತೆಂದು ಅವರು ಕೈಕಟ್ಟಿ ಕೂರಬಹುದಿತ್ತು. ತಮ್ಮ ಜೊತೆ ಹಾರಿ ಮರಳದ ಅಧಿಕಾರಿಯ ಋಣ ತೀರಿಲ್ಲವೆಂದು ಅವರಿಗನ್ನಿಸಿತು. ಹೊಸದಾಗಿ ಸಿಕ್ಕ ಸಾಕ್ಷ್ಯವನ್ನು ಮುಂದಿಟ್ಟು, ದೇವಯ್ಯನವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ ಎಂದು ಅವರು ವಾಯುಪಡೆಯ ಕೇಂದ್ರ ಕಚೇರಿಗೆ ಬರೆದರು. ಯುದ್ಧ ಮುಗಿದು ದಶಕಗಳಾದ ಮೇಲೆ ಶೌರ್ಯಪ್ರಶಸ್ತಿ ಕೇಳುವುದು ಸಾಮಾನ್ಯ ಸಂಗತಿಯಲ್ಲ. ಪ್ರತ್ಯಕ್ಷದರ್ಶಿ ಎನ್ನಲು ಈ ಕಡೆಯಲ್ಲಿ ಯಾರೂ ಇಲ್ಲ, ಇದ್ದ ಒಬ್ಬ ಸಾಕ್ಷಿ ಎದುರಾಳಿ. ಕೊನೆಗೆ ಆ ಎದುರಾಳಿಯ ಸಾಕ್ಷಿಯೇ ಗೆದ್ದಿತು. ತಮ್ಮನ್ನು ಸೋಲಿಸಿದವರ ಬಗ್ಗೆ ಸುಳ್ಳು ಹೊಗಳಿಕೆ ಯಾರು ತಾನೇ ಬರೆಯುತ್ತಾರೆ? 1988ರಲ್ಲಿ, ಘಟನೆ ನಡೆದು 23 ವರ್ಷಗಳ ಬಳಿಕ, ದೇವಯ್ಯನವರಿಗೆ ಮರಣೋತ್ತರ ಮಹಾವೀರಚಕ್ರ ಘೋಷಣೆಯಾಯಿತು. ಅಷ್ಟು ಕಾಲ ಕಾದ ಕುಟುಂಬಕ್ಕೆ ಕಡೆಗೂ ಒಂದು ಉತ್ತರ ಸಿಕ್ಕಿತು.

ಅಂದು ಆಕಾಶದಲ್ಲಿ ನಡೆದದ್ದು ಇಷ್ಟು. ದಾಳಿ ಮುಗಿಸಿ ಹೊರಟ ಮಿಸ್ಟೀರ್‌ಗಳ ಬೆನ್ನು ಹತ್ತಿದ ಸ್ಟಾರ್‌ಫೈಟರಿನಲ್ಲಿದ್ದವರು ಆಗಿನ್ನೂ ಫ್ಲೈಟ್ ಲೆಫ್ಟಿನೆಂಟ್ ಆಗಿದ್ದ ಅಮ್ಜದ್ ಹುಸೇನ್. ಅವರ ಕ್ಷಿಪಣಿ ಗುರಿ ತಪ್ಪಿತು, ಫಿರಂಗಿಯ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದವು. ಪೆಟ್ಟು ತಿಂದ ವಿಮಾನದಿಂದ ದೇವಯ್ಯ ಜಿಗಿಯಬಹುದಿತ್ತು, ಕುಂಟುತ್ತಾ ಗಡಿಯತ್ತ ಸಾಗಲು ನೋಡಬಹುದಿತ್ತು. ಅವರು ತಿರುಗಿ ನಿಂತರು. ಕಾದಾಡಿದರೆ ಮನೆ ಮುಟ್ಟುವಷ್ಟು ಇಂಧನ ಉಳಿಯದೆಂಬುದು ಹಾರಾಟ ಕಲಿಸುತ್ತಿದ್ದ ಆ ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಸ್ಟಾರ್‌ಫೈಟರಿನ ರೆಕ್ಕೆಗಳು ತೀರಾ ಚಿಕ್ಕವು. ನೇರ ಓಟಕ್ಕೆ, ಕಡಿದಾದ ಏರುವಿಕೆಗೆ ಹೇಳಿ ಮಾಡಿಸಿದವು. ವೇಗ ತಗ್ಗಿಸಿ, ನೆಲದ ಸಮೀಪ ಗಿರಗಿರನೆ ಸುತ್ತುವ ಕಾಳಗಕ್ಕೆ ಎಳೆದರೆ ಅದರ ಬಲವೆಲ್ಲ ಸೋರಿಹೋಗುತ್ತದೆ. ಅಮ್ಜದ್ ಆ ಕಾಳಗಕ್ಕೆ ಇಳಿದರು. ಮಿಸ್ಟೀರ್ ಇನ್ನೂ ಚಿಕ್ಕ ಸುತ್ತಿನಲ್ಲಿ ತಿರುಗಿ ಎದುರಾಯಿತು, ಅದರ 30 ಮಿಲಿಮೀಟರ್ ಫಿರಂಗಿಗಳ ಗುಂಡುಗಳು ಸ್ಟಾರ್‌ಫೈಟರಿಗೆ ನಾಟಿದವು. ಅಮ್ಜದ್ ಜಿಗಿದು ಬದುಕಿದರು. ಮೊದಲೇ ಗಾಯಗೊಂಡಿದ್ದ ಮಿಸ್ಟೀರ್ ತನ್ನ ಪೈಲಟ್ ಸಮೇತ ನೆಲಕ್ಕೆ ಬಿತ್ತು.

ದೇವಯ್ಯನವರ ದೇಹವನ್ನು ಅಲ್ಲಿಯ ಹಳ್ಳಿಗರು ಕಂಡು, ತಮ್ಮ ಹೊಲದಲ್ಲೇ ಮಣ್ಣು ಮಾಡಿದರೆಂಬ ಸುದ್ದಿಯೂ ಆ ಕಡೆಯಿಂದಲೇ ಬಂತು. ಅಮ್ಜದ್ ಅವರಿಗೆ ಅವರ ದೇಶ ಆ ಯುದ್ಧದ ಶೌರ್ಯಕ್ಕಾಗಿ ಸಿತಾರಾ-ಎ-ಜುರತ್ ಕೊಟ್ಟಿತ್ತು. ಇಂದು ಮಡಿಕೇರಿಯ ಒಂದು ವೃತ್ತಕ್ಕೆ ದೇವಯ್ಯನವರ ಹೆಸರಿದೆ.

ಎಲ್ಲ ಮನೆಗಳಿಗೂ ಇಷ್ಟು ಸಮಾಧಾನ ಸಿಕ್ಕಿಲ್ಲ. 1971ರ ಯುದ್ಧದ ಬಳಿಕ ಭಾರತ ಸುಮಾರು 93,000 ಪಾಕಿಸ್ತಾನಿ ಸೆರೆಯಾಳುಗಳನ್ನು ಮರಳಿ ಕಳಿಸಿತು. ಆದರೆ 'ನಾಪತ್ತೆಯಾದ 54 ಮಂದಿ' ಎಂದೇ ಹೆಸರಾದ ಪಟ್ಟಿಯಲ್ಲಿರುವ ನಮ್ಮ ಸೈನಿಕರು, ಪೈಲಟ್‌ಗಳು ಏನಾದರೆಂಬುದು ಈಗಲೂ ಇತ್ಯರ್ಥವಾಗಿಲ್ಲ. ಅವರಲ್ಲೊಬ್ಬರು ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ ತಾಂಬೆ. ಅವರ ಪತ್ನಿ, ಬ್ಯಾಡ್ಮಿಂಟನ್ ಚಾಂಪಿಯನ್ ದಮಯಂತಿ ತಾಂಬೆ, ಗಂಡನಿಗಾಗಿ ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದರು. 2007ರಲ್ಲಿ ಕೆಲವು ಕುಟುಂಬದವರು ಪಾಕಿಸ್ತಾನದ ಜೈಲುಗಳಿಗೇ ಹೋಗಿ ಹುಡುಕಿದರು. ತಮ್ಮವರು ಸಿಗದೆ ಬರಿಗೈಯಲ್ಲಿ ಮರಳಿದರು.

ದೇವಯ್ಯನವರ ಕತೆಯ ಅರ್ಧ ಆದಂಪುರದಲ್ಲಿತ್ತು, ಇನ್ನರ್ಧ ಸರ್ಗೋಧಾದಲ್ಲಿತ್ತು. ಎರಡೂ ಒಂದೆಡೆ ಸೇರಿದ ದಿನ ಒಗಟು ಬಿಡಿಸಿಕೊಂಡಿತು. ಸೇರಿಸಿದ್ದು ಒಬ್ಬ ಹೊರಗಿನ ಬರಹಗಾರನ ಪುಸ್ತಕ, ಅದೂ ಆಕಸ್ಮಿಕವಾಗಿ. ಉಳಿದವರ ಕತೆಗಳನ್ನು ಆಕಸ್ಮಿಕಕ್ಕೆ ಬಿಡಬಾರದು. ಎರಡೂ ದೇಶಗಳು ಆ ಯುದ್ಧಗಳ ಹಳೆಯ ಕಡತಗಳನ್ನು ತೆರೆದು ಎದುರುಬದುರು ಇಟ್ಟು ಓದಬೇಕು. ಹಳ್ಳಿಗಳ ವೃದ್ಧರು, ನಿವೃತ್ತ ಪೈಲಟ್‌ಗಳು ನೆನಪಿನೊಂದಿಗೆ ಕಣ್ಮುಚ್ಚುವ ಮುಂಚೆ ಅವರನ್ನು ಕೇಳಿ ಬರೆದಿಡಬೇಕು. ಕಾಯುತ್ತಿರುವವರಿಗೂ ಈಗ ವಯಸ್ಸಾಗಿದೆ.