ಹೆಲ್ಪ್ ಫೈಲಿನ ಒಳಗೇನಿದೆ?

ಎಫ್1 ಕೀಲಿ ಒತ್ತಿದರೆ ಒಂದು ಕಿಟಕಿ ತೆರೆದುಕೊಳ್ಳುತ್ತಿದ್ದುದು ಹಳೆಯ ವಿಂಡೋಸ್ ಬಳಸಿದವರಿಗೆಲ್ಲ ನೆನಪಿರುತ್ತದೆ. ಎಡಗಡೆ ಪುಟ್ಟ ಪುಸ್ತಕದ ಚಿತ್ರಗಳಿರುವ ವಿಷಯಸೂಚಿ, ಬಲಗಡೆ ಓದುವ ಪುಟ. ಇಂಟರ್‌ನೆಟ್ ಬೇಕಿರಲಿಲ್ಲ. ಅದರ ಹಿಂದಿದ್ದುದು ಸಿಎಚ್‌ಎಂ ಎಂಬ ಜಾತಿಯ ಒಂದೇ ಫೈಲು. ನೂರಾರು ವೆಬ್ ಪುಟ, ಚಿತ್ರ, ಸೂಚಿ ಎಲ್ಲವನ್ನೂ ಕುಗ್ಗಿಸಿ ಒಂದರಲ್ಲೇ ತುಂಬಿಟ್ಟದ್ದು. ಮೈಕ್ರೋಸಾಫ್ಟ್ 1997ರಲ್ಲಿ ತಂದ ಈ ಪದ್ಧತಿ ವಿಂಡೋಸ್ 98 ಬಂದ ಮೇಲೆ ಎಲ್ಲೆಡೆ ಹಬ್ಬಿತು. ಪಿಎಚ್‌ಪಿ ಭಾಷೆಯ ಕೈಪಿಡಿ ಸಿಎಚ್‌ಎಂ ರೂಪದಲ್ಲಿ ಸಿಗುತ್ತಿತ್ತು. ವಿಂಡೋಸ್‌ಗೆ ಪೈಥಾನ್ ಹಾಕಿಕೊಂಡರೆ ಅದರ ದಾಖಲೆಯೂ ಬಹಳ ವರ್ಷ ಹೀಗೇ ಬರುತ್ತಿತ್ತು.

ನಾನು ಹಾವೇರಿ ಜಿಲ್ಲೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಮಟೀರಿಯಲ್ ಟೆಸ್ಟಿಂಗ್ ಲ್ಯಾಬ್ ನೋಡಿಕೊಳ್ಳುವವನು. ಕಬ್ಬಿಣದ ಸರಳನ್ನು ಎಳೆದು ತುಂಡಾಗಿಸುವ ಯುಟಿಎಂ ಯಂತ್ರಕ್ಕೆ ಒಂದು ಕಂಪ್ಯೂಟರ್, ಅದರಲ್ಲೊಂದು ಪ್ರೋಗ್ರಾಂ, ಆ ಪ್ರೋಗ್ರಾಂಗೆ ಒಂದು ಹೆಲ್ಪ್ ಫೈಲು. ಅಚ್ಚಾದ ಕೈಪಿಡಿ ಗೆದ್ದಲಿನ ಪಾಲಾಗಿ ಬಹಳ ಕಾಲವಾಯಿತು. ಯಂತ್ರ ಮಾರಿದವರು ಆ ಮಾದರಿಯನ್ನೇ ಕೈಬಿಟ್ಟಿದ್ದಾರೆ, ಫೋನ್ ಮಾಡಿದರೆ ಹೊಸದು ಕೊಳ್ಳಿ ಅನ್ನುತ್ತಾರೆ. ಬಲ ಅಳೆಯುವ ಲೋಡ್ ಸೆಲ್ ಕ್ಯಾಲಿಬ್ರೇಷನ್ ಮಾಡುವ ಕ್ರಮ ಬರೆದಿದ್ದುದು ಆ ಸಿಎಚ್‌ಎಂ ಫೈಲಿನಲ್ಲಿ ಮಾತ್ರ. ಅದನ್ನು ಲ್ಯಾಬಿನ ಸರ್ವರಿನಲ್ಲಿಟ್ಟು, ಬೇಕಾದವರು ಅಲ್ಲಿಂದಲೇ ತೆರೆದು ಓದಲಿ ಅಂದೆ. ಒಬ್ಬ ವಿದ್ಯಾರ್ಥಿ ಬಂದು, "ಸರ, ಎಡಕ್ಕ ಪಟ್ಟಿ ಬರಾಕತ್ತೈತಿ, ಬಲಕ್ಕ ಏನೂ ಇಲ್ರಿ" ಅಂದ.

ಫೈಲು ಕೆಟ್ಟಿರಲಿಲ್ಲ. ಸಿಎಚ್‌ಎಂ ಒಳಗಿನ ಪುಟಗಳು ಬರೀ ಓದುವ ಪುಟಗಳಲ್ಲ, ಅವುಗಳಲ್ಲಿ ಸ್ಕ್ರಿಪ್ಟ್ ಇರಬಹುದು, ಕಂಪ್ಯೂಟರಿನ ಬೇರೆ ಪ್ರೋಗ್ರಾಂಗಳನ್ನು ಓಡಿಸುವ ಆಜ್ಞೆಯೂ ಇರಬಹುದು. ದುರುದ್ದೇಶದವರು ಇದನ್ನು ಚೆನ್ನಾಗಿ ಬಳಸಿಕೊಂಡರು. 2005ರಲ್ಲಿ ಮೈಕ್ರೋಸಾಫ್ಟ್ ಬಿಗಿ ಮಾಡಿತು: ನೆಟ್‌ವರ್ಕಿನ ಇನ್ನೊಂದು ಯಂತ್ರದಲ್ಲಿರುವ ಸಿಎಚ್‌ಎಂ ತೆರೆದರೆ ಪುಟ ತೋರಿಸುವುದಿಲ್ಲ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಫೈಲಾದರೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡಬೇಕು. ಆ ನಿರ್ಧಾರ ಸರಿಯಾದದ್ದೇ. ಆದರೆ ನಮಗೆ ಬೇಕಿದ್ದುದು ಏನನ್ನೂ ಓಡಿಸದೆ ಬರೀ ಓದುವ ದಾರಿ. ಆ ದಾರಿಯ ಹೆಸರು ಸಿಎಚ್‌ಎಂಲಿಬ್.

ಜೆಡ್ ವಿಂಗ್ ಎಂಬ ಪ್ರೋಗ್ರಾಮರ್ 2000ದ ದಶಕದ ಆರಂಭದಲ್ಲಿ ಸಿ ಭಾಷೆಯಲ್ಲಿ ಬರೆದ ಸಣ್ಣ ಲೈಬ್ರರಿ ಇದು. ಲೈಬ್ರರಿ ಅಂದರೆ ಇಲ್ಲಿ ಗ್ರಂಥಾಲಯವಲ್ಲ, ಬೇರೆ ಪ್ರೋಗ್ರಾಂಗಳು ತಮ್ಮೊಳಗೆ ಸೇರಿಸಿಕೊಂಡು ಬಳಸುವ ಸಿದ್ಧ ಸಾಮಗ್ರಿ. ಇದು ಮಾಡುವ ಕೆಲಸ ಬೆರಳೆಣಿಕೆಯಷ್ಟು: ಫೈಲು ತೆರೆ, ಒಳಗೆ ಏನೇನಿದೆ ಹೇಳು, ಈ ಹೆಸರಿನ ಪುಟ ಎಲ್ಲಿದೆ ಹುಡುಕು, ಅದನ್ನು ಬಿಚ್ಚಿ ಕೊಡು, ಮುಚ್ಚು. ಪುಟವನ್ನು ಪರದೆಯ ಮೇಲೆ ತೋರಿಸುವುದು ಇದರ ಕೆಲಸವಲ್ಲ. ಸ್ಕ್ರಿಪ್ಟ್ ಇದ್ದರೆ ಅದನ್ನು ಓಡಿಸುವುದಂತೂ ಅಲ್ಲವೇ ಅಲ್ಲ.

ಹೇಳಲು ಸುಲಭ. ಮಾಡಲು ಯಾಕೆ ಕಷ್ಟವಾಗಿತ್ತೆಂದರೆ, ಸಿಎಚ್‌ಎಂ ಫೈಲಿನ ಒಳರಚನೆಯನ್ನು ಮೈಕ್ರೋಸಾಫ್ಟ್ ಹೊರಗೆ ಹೇಳಿರಲಿಲ್ಲ. ಮ್ಯಾಥ್ಯೂ ರುಸೊಟ್ಟೊ ಮೊದಲಾದ ಕೆಲವರು ಫೈಲುಗಳನ್ನು ಬೈಟ್ ಬೈಟಾಗಿ ನೋಡಿ, ಯಾವ ಅಂಕಿ ಯಾವುದನ್ನು ಸೂಚಿಸುತ್ತದೆ ಎಂದು ಪತ್ತೆಹಚ್ಚಿ ಬರೆದಿಟ್ಟರು. ಆ ಟಿಪ್ಪಣಿಗಳಿಲ್ಲದೆ ಸಿಎಚ್‌ಎಂಲಿಬ್ ಹುಟ್ಟುತ್ತಿರಲಿಲ್ಲ.

ನಾನೂ ನಮ್ಮ ಯಂತ್ರದ ಹೆಲ್ಪ್ ಫೈಲನ್ನು ಬೈಟುಗಳನ್ನು ಅಂಕಿಗಳಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಆ ವಿವರಣೆಯ ಪಕ್ಕದಲ್ಲಿಟ್ಟು ನೋಡಿದೆ. ಮೊದಲ ನಾಲ್ಕು ಬೈಟು ಐ, ಟಿ, ಎಸ್, ಎಫ್ ಎಂಬ ನಾಲ್ಕು ಅಕ್ಷರ. ಎಲ್ಲ ಸಿಎಚ್‌ಎಂ ಫೈಲಿಗೂ ಇದೇ ಗುರುತು. ಸ್ವಲ್ಪ ಮುಂದೆ ಹೋದರೆ ಒಳಗಿನ ಪುಟಗಳ ಪಟ್ಟಿ, ಸಾಮಾನ್ಯವಾಗಿ 4096 ಬೈಟಿನ ತುಂಡುಗಳಲ್ಲಿ. ಪ್ರತಿಯೊಂದು ಪುಟಕ್ಕೂ ಹೆಸರಿನ ಉದ್ದ, ಹೆಸರು, ಕುಗ್ಗಿಸಿದ ಭಾಗದಲ್ಲಿದೆಯೋ ಹಾಗೇ ಇದೆಯೋ, ಎಲ್ಲಿ ಶುರು, ಎಷ್ಟು ಉದ್ದ. ಇಷ್ಟೇ. ಅಂಕಿಗಳನ್ನು ಬರೆದ ರೀತಿ ಮಾತ್ರ ಜಾಣತನದ್ದು. ಒಂದು ಬೈಟಿನ ಎಂಟು ಬಿಟ್‌ಗಳಲ್ಲಿ ಏಳನ್ನು ಅಂಕಿಗೆ ಬಳಸಿ, ಎಂಟನೆಯದನ್ನು 'ಇನ್ನೂ ಇದೆ' ಎನ್ನುವ ಗುರುತಾಗಿ ಇಟ್ಟಿದ್ದಾರೆ. 300 ಎಂಬ ಸಂಖ್ಯೆ ಅಲ್ಲಿ 130, 44 ಎಂಬ ಎರಡು ಬೈಟು. 130ರಿಂದ ಗುರುತಿನ 128 ಕಳೆದರೆ 2 ಉಳಿಯುತ್ತದೆ. ಎರಡನ್ನು 128ರಿಂದ ಗುಣಿಸಿ 44 ಕೂಡಿಸಿದರೆ 300. ಹಾಳೆ, ಪೆನ್ನು ಹಿಡಿದು ಈ ಲೆಕ್ಕ ಹಾಕಿ ಕ್ಯಾಲಿಬ್ರೇಷನ್ ಪುಟ ಎಲ್ಲಿದೆಯೆಂದು ಗುರುತಿಸಿದ ಮೇಲೆ, ಇದೇ ಕೆಲಸವನ್ನು ಯಾವ ವಿವರಣೆಯೂ ಇಲ್ಲದೆ ಮೊದಲು ಮಾಡಿದವರ ತಾಳ್ಮೆ ಎಂಥದ್ದೆಂದು ನನಗೆ ಮನದಟ್ಟಾಯಿತು.

ಪಟ್ಟಿ ಓದುವುದು ಅರ್ಧ ಕೆಲಸ. ಪುಟಗಳನ್ನು ಕುಗ್ಗಿಸಿರುವುದು ಎಲ್‌ಜೆಡ್‌ಎಕ್ಸ್ ಎಂಬ ವಿಧಾನದಲ್ಲಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜೊನಾಥನ್ ಫೋರ್ಬ್ಸ್ ಮತ್ತು ಟೋಮಿ ಪೌಟನೆನ್ 1995ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ಇದನ್ನು ಬರೆದರು. ಮರುವರ್ಷ ಫೋರ್ಬ್ಸ್ ಮೈಕ್ರೋಸಾಫ್ಟ್ ಸೇರಿದರು, ವಿಧಾನವೂ ಅವರ ಜೊತೆ ಹೋಯಿತು. ಇದರ ಮೂಲ ತತ್ವ ಸರಳ: ಒಮ್ಮೆ ಬಂದದ್ದನ್ನು ಮತ್ತೆ ಬರೆಯುವ ಬದಲು, 'ಇಷ್ಟು ಅಕ್ಷರ ಹಿಂದೆ ಹೋಗಿ ಅಲ್ಲಿಂದ ಇಷ್ಟು ಅಕ್ಷರ ನಕಲು ಮಾಡು' ಎಂದು ಬರೆಯುವುದು. ಹೆಲ್ಪ್ ಪುಟಗಳಲ್ಲಿ ಒಂದೇ ತಲೆಬರಹ, ಒಂದೇ ಎಚ್‌ಟಿಎಂಎಲ್ ಸಾಲುಗಳು ಮತ್ತೆ ಮತ್ತೆ ಬರುವುದರಿಂದ ಉಳಿತಾಯ ಬಹಳ.

ತೊಡಕು ಇರುವುದೂ ಇಲ್ಲೇ. ಸಿಎಚ್‌ಎಂನಲ್ಲಿ ಪುಟ ಪುಟವನ್ನು ಬೇರೆ ಬೇರೆ ಕುಗ್ಗಿಸುವುದಿಲ್ಲ, ಎಲ್ಲವನ್ನೂ ಸೇರಿಸಿ ಒಂದೇ ಉದ್ದನೆಯ ಹರಿವಾಗಿ ಕುಗ್ಗಿಸುತ್ತಾರೆ. ನಡುವಿನ ಪುಟ ಬೇಕೆಂದರೆ ಅದರ ಹಿಂದಿನದನ್ನೂ ಬಿಚ್ಚಬೇಕು. ಇಡೀ ಫೈಲನ್ನು ಮೊದಲಿಂದ ಬಿಚ್ಚುವ ಪಾಡು ಬೇಡವೆಂದು, ನಿಗದಿತ ಅಂತರಗಳಲ್ಲಿ 'ಇಲ್ಲಿಂದ ಹೊಸದಾಗಿ ಶುರು' ಎಂಬ ಬಿಂದುಗಳನ್ನಿಟ್ಟು, ಅವುಗಳ ಕೋಷ್ಟಕವನ್ನೂ ಫೈಲಿನಲ್ಲೇ ಸೇರಿಸಿದ್ದಾರೆ. ಸಿಎಚ್‌ಎಂಲಿಬ್ ಹತ್ತಿರದ ಬಿಂದುವಿಗೆ ಹೋಗಿ, ಅಲ್ಲಿಂದ 32 ಕಿಲೋಬೈಟಿನ ತುಂಡುಗಳಲ್ಲಿ ಬಿಚ್ಚುತ್ತ ಬೇಕಾದ ಜಾಗ ಮುಟ್ಟುತ್ತದೆ. ಈಗಷ್ಟೇ ಬಿಚ್ಚಿದ ಕೆಲವು ತುಂಡುಗಳನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ, ಪಕ್ಕದ ಪುಟ ಕೇಳಿದರೆ ತಕ್ಷಣ ಕೊಡುತ್ತದೆ.

ಎಲ್‌ಜೆಡ್‌ಎಕ್ಸ್ ಬಿಚ್ಚುವ ಭಾಗವನ್ನು ಜೆಡ್ ವಿಂಗ್ ಹೊಸದಾಗಿ ಬರೆಯಲಿಲ್ಲ. ಕ್ಯಾಬ್ ಎಂಬ ಇನ್ನೊಂದು ಬಗೆಯ ಕುಗ್ಗಿಸಿದ ಫೈಲುಗಳನ್ನು ಬಿಚ್ಚಲು ಸ್ಟುವರ್ಟ್ ಕೇ ಬರೆದಿದ್ದ ಕ್ಯಾಬ್‌ಎಕ್ಸ್‌ಟ್ರಾಕ್ಟ್‌ನಿಂದ ತೆಗೆದುಕೊಂಡು ಬೇಕಾದಂತೆ ತಿದ್ದಿದರು. ಕ್ಯಾಬ್ ಫೈಲುಗಳಿಗಾಗಿ ಮೈಕ್ರೋಸಾಫ್ಟ್ ಎಲ್‌ಜೆಡ್‌ಎಕ್ಸ್‌ನ ವಿವರಣೆ ಪ್ರಕಟಿಸಿತ್ತಾದರೂ ಅದರಲ್ಲಿ ತಪ್ಪುಗಳಿದ್ದವು. ಅವನ್ನು ಕಂಡುಹಿಡಿದು ಸರಿಪಡಿಸಿಕೊಂಡದ್ದು ಇಂಥ ಬಿಡಿ ಬಿಡಿ ಜನರೇ. ಒಬ್ಬರು ರಚನೆ ಬಿಡಿಸಿದರು, ಇನ್ನೊಬ್ಬರು ಕುಗ್ಗಿಸಿದ್ದನ್ನು ಬಿಚ್ಚುವ ವಿಧಾನ ಬರೆದರು, ಮೂರನೆಯವರು ಎರಡನ್ನೂ ಜೋಡಿಸಿ ಎಲ್‌ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಕೊಟ್ಟರು. ಆ ಪರವಾನಗಿಯ ನಿಯಮ ಉದಾರವಾದದ್ದು: ಯಾರು ಬೇಕಾದರೂ ಬಳಸಬಹುದು, ಮಾರುವ ಪ್ರೋಗ್ರಾಂನಲ್ಲೂ ಸೇರಿಸಬಹುದು, ಲೈಬ್ರರಿಯನ್ನು ತಿದ್ದಿ ಹಂಚಿದರೆ ಆ ತಿದ್ದುಪಡಿಯನ್ನು ತೆರೆದಿಡಬೇಕು. ಲಿನಕ್ಸ್‌ನ ಎಕ್ಸ್‌ಸಿಎಚ್‌ಎಂ, ಕೆಡಿಇಯ ಒಕ್ಯುಲರ್, ವಿಂಡೋಸ್‌ನ ಸುಮಾತ್ರಾ ಪಿಡಿಎಫ್, ಇ-ಪುಸ್ತಕಗಳ ಕ್ಯಾಲಿಬರ್ ಎಲ್ಲವೂ ಸಿಎಚ್‌ಎಂ ಓದಲು ಈ ಲೈಬ್ರರಿಯನ್ನೇ ನೆಚ್ಚಿಕೊಂಡವು.

ಇದರಲ್ಲೂ ದೋಷ ಸಿಕ್ಕಿದ್ದುಂಟು. ಲೈಬ್ರರಿಯ ಜೊತೆಗೆ ಮಾದರಿಯಾಗಿ ಕೊಟ್ಟಿದ್ದ ಬಿಚ್ಚುವ ಪ್ರೋಗ್ರಾಂ, ಒಳಗಿನ ಪುಟದ ಹೆಸರಿನಲ್ಲಿ ಮೇಲಿನ ಫೋಲ್ಡರ್ ಎಂದು ಸೂಚಿಸುವ ಎರಡು ಚುಕ್ಕಿಗಳಿದ್ದರೆ ನಿಗದಿತ ಫೋಲ್ಡರ್ ದಾಟಿ ಹೊರಗಿನ ಫೈಲುಗಳ ಮೇಲೂ ಬರೆದುಬಿಡುವ ಸಾಧ್ಯತೆಯಿತ್ತು. 2006ರಲ್ಲಿ ಅದು ಬಯಲಾಯಿತು, 0.38ನೇ ಆವೃತ್ತಿಯಲ್ಲಿ ಸರಿಯಾಯಿತು. ಮೂಲ ಸಂಕೇತ ಎಲ್ಲರ ಕಣ್ಣ ಮುಂದಿದ್ದರೆ ಸಿಗುವ ಲಾಭ ಇದು, ನಾನು ಇದನ್ನು ದೊಡ್ಡದೆಂದೇ ಎಣಿಸುತ್ತೇನೆ.

ಕನ್ನಡದ ಮಟ್ಟಿಗೆ ಸಿಎಚ್‌ಎಂ ಕಥೆ ಬೇಸರದ್ದು. ಅದರ ವಿಷಯಸೂಚಿ, ಅಕಾರಾದಿಗಳು ಯೂನಿಕೋಡ್ ಅರಿಯುವುದಿಲ್ಲ. ಇಂಗ್ಲಿಷ್, ರಷ್ಯನ್, ಚೀನೀ ಭಾಷೆಗಳಿಗಿದ್ದಂಥ ಹಳೆಯ ಅಕ್ಷರಸಂಕೇತ ಪಟ್ಟಿಗಳನ್ನೇ, ಅಂದರೆ ಕೋಡ್ ಪೇಜುಗಳನ್ನೇ ಕೇಳುತ್ತವೆ. ವಿಂಡೋಸ್ ಕನ್ನಡಕ್ಕೆ 1099 ಎಂಬ ಭಾಷಾ ಸಂಖ್ಯೆ ಕೊಟ್ಟಿತೇ ಹೊರತು ಅಂಥ ಕೋಡ್ ಪೇಜು ಕೊಡಲಿಲ್ಲ. ಪುಟದೊಳಗೆ ಕನ್ನಡ ಬರುತ್ತಿತ್ತು, ಎಡಗಡೆಯ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಡಿಪ್ಲೊಮಾ ಮಕ್ಕಳಿಗಾಗಿ ಪ್ರಯೋಗಗಳ ಕೈಪಿಡಿಯನ್ನು ಕನ್ನಡದಲ್ಲಿ ಬರೆದು ಸಿಎಚ್‌ಎಂ ಮಾಡಿದ್ದರು. ಯೂನಿಕೋಡ್‌ಗಿಂತ ಹಿಂದಿನ ಫಾಂಟ್ ಸಂಕೇತದಲ್ಲಿ ಕೀಲಿಸಿದ್ದು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸಿಎಚ್‌ಎಂಲಿಬ್‌ನಿಂದ ಪುಟಗಳನ್ನು ಹೊರತೆಗೆದು, ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದು, ಒತ್ತಕ್ಷರ ತಪ್ಪಿದ್ದನ್ನು ಕೂತು ತಿದ್ದಿದೆವು. ಈಗ ಮಕ್ಕಳು ಅದನ್ನು ಮೊಬೈಲಿನಲ್ಲಿ ಓದುತ್ತಾರೆ. ಪುಟಗಳು ಹೊರಗೆ ಬರದೇ ಹೋಗಿದ್ದರೆ ಪರಿವರ್ತಿಸಲು ಏನಿರುತ್ತಿತ್ತು?

ಸಿಎಚ್‌ಎಂಗಿಂತ ಮೊದಲಿದ್ದ ಎಚ್‌ಎಲ್‌ಪಿ ಹೆಲ್ಪ್ ಫೈಲುಗಳಿಗೆ ಏನಾಯಿತು ನೋಡಿ. ವಿಂಡೋಸ್ ವಿಸ್ಟಾ ಬಂದಾಗ ಅವುಗಳನ್ನು ತೆರೆಯುವ ಪ್ರೋಗ್ರಾಂ ವಿಂಡೋಸ್‌ನಿಂದ ಹೊರಬಿತ್ತು; ವಿಂಡೋಸ್ 8.1ರವರೆಗೆ ಬೇರೆಯಾಗಿ ಇಳಿಸಿಕೊಳ್ಳಬಹುದಿತ್ತು, ವಿಂಡೋಸ್ 10ಕ್ಕೆ ಅದೂ ಇಲ್ಲ. ಸಿಎಚ್‌ಎಂ ತೆರೆಯುವ ಪ್ರೋಗ್ರಾಂ ಇಂದಿನ ವಿಂಡೋಸ್‌ನಲ್ಲಿ ಇನ್ನೂ ಇದೆ, ಆದರೆ ಆ ಪದ್ಧತಿಯ ಬೆಳವಣಿಗೆಯನ್ನು ಮೈಕ್ರೋಸಾಫ್ಟ್ ನಿಲ್ಲಿಸಿ ಬಹಳ ವರ್ಷಗಳಾದವು.

ನಿಮ್ಮ ಕಚೇರಿಯಲ್ಲಿ, ಆಸ್ಪತ್ರೆಯ ಲ್ಯಾಬಿನಲ್ಲಿ, ವರ್ಕ್‌ಶಾಪಿನಲ್ಲಿ ಹಳೆಯ ಯಂತ್ರವೊಂದರ ಕೈಪಿಡಿ ಸಿಎಚ್‌ಎಂ ಆಗಿ ಕೂತಿದ್ದರೆ ಈಗಲೇ ಬಿಚ್ಚಿಡಿ. ಡೆಬಿಯನ್, ಉಬುಂಟುಗಳಲ್ಲಿ ಲಿಬ್‌ಸಿಎಚ್‌ಎಂ-ಬಿನ್ ಎಂಬ ಪ್ಯಾಕೇಜು ಹಾಕಿಕೊಂಡರೆ ಬಿಚ್ಚುವ ಆಜ್ಞೆ ಸಿಗುತ್ತದೆ. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಸಾಕು. ಹೊರಬಂದ ಪುಟಗಳು ಮಾಮೂಲಿ ಎಚ್‌ಟಿಎಂಎಲ್, ಯಾವ ಬ್ರೌಸರ್‌ನಲ್ಲೂ ತೆರೆಯುತ್ತವೆ. ಎಲ್ಲಿಂದಲೋ ಬಂದ, ನಂಬಿಕೆಯಿಲ್ಲದ ಫೈಲಾದರೆ ಸ್ಕ್ರಿಪ್ಟ್ ಓಡದಂತೆ ಬ್ರೌಸರ್‌ನಲ್ಲಿ ತಡೆದು ಓದಿ. ಮೂಲ ಸಿಎಚ್‌ಎಂ ಫೈಲನ್ನು ಮಾತ್ರ ಅಳಿಸಬೇಡಿ, ಬಿಚ್ಚಿದ ಪುಟಗಳ ಪಕ್ಕದಲ್ಲೇ ಇಟ್ಟಿರಿ.