ಅವ್ವನ ಹೊಲಿಗಿ ಮಷಿನ್ನೂ ಬಿಸಿ ಪೆಡಲ್ಲೂ

“ತಮ್ಮಾ, ನೀ ಹಾಕಿಸಿದ ಮೋಟರ್ ಚಲೋ ಐತಿ. ಆದ್ರ ಪೆಡಲ್ ಕೆಂಡ ಆಗಾಕತ್ತೈತಿ ನೋಡು, ಕಾಲ ಇಡಾಕ ಆಗವಲ್ದು.”

ಸಿಂದಗಿಯಿಂದ ಅವ್ವನ ಫೋನು. ಮೂವತ್ತು ವರ್ಷ ಕಾಲಲ್ಲಿ ತುಳಿದೇ ಬ್ಲೌಸ್ ಹೊಲಿದವಳು. ಮೊಣಕಾಲು ನೋವು ಜಾಸ್ತಿಯಾದ ಮೇಲೆ ನಾನೇ ಹಟ ಹಿಡಿದು ಮಷಿನ್ನಿಗೆ ಮೋಟರ್ ಹಾಕಿಸಿದ್ದೆ. ಮದುವೆ ಸೀಸನ್ ಬೇರೆ, ಮುದ್ದೇಬಿಹಾಳದ ಬೀಗರದ್ದೇ ಹನ್ನೆರಡು ಬ್ಲೌಸ್ ಬಾಕಿ. ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಪ್ಲಗ್ ಕಿತ್ತು ಪೆಡಲ್ ಬಿಚ್ಚಿದರೆ ಹಳೇ ಪದ್ಧತಿಯದ್ದು. ಒಳಗೆ ಪಿಂಗಾಣಿ ಕೊಳವೆಯಲ್ಲಿ ಒಂದರ ಮೇಲೊಂದು ಪೇರಿಸಿದ ಇಂಗಾಲದ ಬಿಲ್ಲೆಗಳು. ಮೆಲ್ಲಗೆ ಒತ್ತಿದರೆ ಬಿಲ್ಲೆಗಳು ಸಡಿಲವಾಗಿ ತಾಗುತ್ತವೆ, ಕರೆಂಟಿಗೆ ಅಡ್ಡಿ ಹೆಚ್ಚು, ಮೋಟರ್ ನಿಧಾನ. ಗಟ್ಟಿ ಒತ್ತಿದರೆ ಅಡ್ಡಿ ಕಡಿಮೆ, ಮೋಟರ್ ಜೋರು. ರೇಡಿಯೋದ ವಾಲ್ಯೂಮ್ ತಿರುಪಿನ ಅಣ್ಣ ಅನ್ನಿ, ವೇರಿಯೇಬಲ್ ರೆಸಿಸ್ಟರ್. (ಆ ತಿರುಪನ್ನೇ ಟೇಪ್‌ರೆಕಾರ್ಡರ್ ಮೋಟರಿಗೆ ಹಚ್ಚಿ ಹೊಗೆ ಎಬ್ಬಿಸಿದ್ದು ನನ್ನ ಎಂಟನೇ ಕ್ಲಾಸಿನ ಸಾಧನೆ.)

ಬಿಸಿ ಯಾಕೆ? ಮೋಟರಿಗೆ ಕೊಡದೆ ತಡೆಹಿಡಿದ ವೋಲ್ಟೇಜ್ ಎಲ್ಲೂ ಮಾಯವಾಗೋದಿಲ್ಲ, ಪೆಡಲ್ಲಿನಲ್ಲೇ ಶಾಖವಾಗುತ್ತದೆ. 230 ವೋಲ್ಟಿನಲ್ಲಿ 100 ವೋಲ್ಟ್ ಪೆಡಲ್ಲಲ್ಲೇ ಉಳಿದು, 0.3 ಆಂಪಿಯರ್ ಹರಿದರೆ 30 ವ್ಯಾಟ್ ಶಾಖ. ಬೆಸುಗೆ ಹಾಕೋ ಸಣ್ಣ ಸೋಲ್ಡರಿಂಗ್ ಐರನ್ನೇ 25 ವ್ಯಾಟ್! ಅವ್ವನದು ಪೈಪಿಂಗ್, ಫಾಲ್ಸ್ ಅಂತ ನಾಜೂಕಿನ ಕೆಲಸ. ದಿನವಿಡೀ ಅರ್ಧಂಬರ್ಧ ಒತ್ತಿಯೇ ಹೊಲಿಯುತ್ತಾಳೆ.

ಆದರೆ ನನ್ನ ಎದೆ ಝಲ್ಲೆಂದಿದ್ದು ಇನ್ನೊಂದಕ್ಕೆ. ದಾರದ ಚೂರು, ಧೂಳು ಸೇರಿ ಒಳಗಿನ ಸನ್ನೆ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಅಂದರೆ ಅವ್ವ ಕಾಲು ತೆಗೆದು ರೊಟ್ಟಿ ಬಡಿಯೋಕೆ ಹೋದಾಗಲೂ ಕರೆಂಟ್ ಸಣ್ಣಗೆ ಹರಿಯುತ್ತಲೇ ಇತ್ತು. ಸುತ್ತ ಬರೀ ಬಟ್ಟೆ ರಾಶಿ.

“ಸ್ವಿಚ್ ಆರಿಸಿ ಹೋಗಬೇಕಲ್ಲ ಬೇ?”

“ಕಾಲ ತಗದ್ರ ನಿಂತೇ ಬಿಡ್ತೈತಲ್ಲ, ಮತ್ಯಾಕ?”

ಅವಳ ತಪ್ಪಲ್ಲ. ಮೋಟರ್ ತಂದುಕೊಟ್ಟ ನಾನು ಇದೊಂದು ಮಾತು ಹೇಳಿರಲಿಲ್ಲ.

ಎಲೆಕ್ಟ್ರಾನಿಕ್ ಪೆಡಲ್ ತಂದೆ. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ಸೆಕೆಂಡಿಗೆ 100 ಅರ್ಧ ಅಲೆಗಳು. ಪ್ರತಿಯೊಂದರ ಒಂದಿಷ್ಟು ಭಾಗವನ್ನು ಟ್ರಯಾಕ್ ಕತ್ತರಿಸಿಬಿಡುತ್ತದೆ. ತಡೆದು ಸುಡೋ ಬದಲು ಬೇಗಬೇಗ ಆನ್-ಆಫ್ ಮಾಡೋದರಿಂದ ಬಿಸಿ ತೀರಾ ಕಡಿಮೆ. ಮನೆಯ ಫ್ಯಾನಿನ ಡಬ್ಬಿಯಂಥ ರೆಗ್ಯುಲೇಟರ್ ಹೋಗಿ ಪುಟ್ಟ ತಿರುಪು ಬಂದದ್ದೂ ಹೀಗೆಯೇ.

ಅಷ್ಟರಲ್ಲಿ ಇಂಡಿಯಿಂದ ಬಂದಿದ್ದ ಸೋದರಮಾವ, “ಅಳಿಯಾ, ನಮ್ಮ ಲಿಂಬಿ ತೋಟದ ಬೋರಿಗೂ ಇಂಥಾದೊಂದು ಹಚ್ಚು, ನೀರು ಸಾವಕಾಶ ಬರಲಿ” ಅಂದ. ಬೇಡವೇ ಬೇಡ ಮಾವಾ! ಹೊಲಿಗೆ ಮಷಿನ್ನಿನದು ಬ್ರಷ್ ಇರೋ ಮೋಟರ್, ವೋಲ್ಟೇಜ್ ಇಳಿಸಿದರೆ ವೇಗ ಇಳಿಯುತ್ತದೆ. ಬೋರಿನದು ಇಂಡಕ್ಷನ್ ಮೋಟರ್. ಅದರ ವೇಗ ಕಟ್ಟಿಕೊಂಡಿರೋದು ಆ 50 ಹರ್ಟ್ಜಿಗೆ. ವೋಲ್ಟೇಜ್ ಇಳಿಸಿದರೆ ಅದು ಹೆಚ್ಚು ಕರೆಂಟ್ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಲೋ ವೋಲ್ಟೇಜಿಗೆ ಎರಡು ಸಲ ಮೋಟರ್ ಮೇಲೆತ್ತಿಸಿದ ಮಾವನಿಗೆ ಇದು ಥಟ್ಟನೆ ತಿಳಿಯಿತು. ಅಲ್ಲಿಗೆ ಬೇಕಾದ್ದು ಹರ್ಟ್ಜನ್ನೇ ಬದಲಿಸೋ ವಿ.ಎಫ್.ಡಿ.

ಭಾನುವಾರ ಹೊರಡುವಾಗ ಅವ್ವ ಹಳೇ ಪೆಡಲ್ ಒರೆಸಿ ಟ್ರಂಕಿನಲ್ಲಿ ಇಡುತ್ತಿದ್ದಳು.

“ಅದ್ಯಾಕ ಬೇ?”

“ಇರ್ಲಿ ಬಿಡು, ಥಂಡ್ಯಾಗ ಕಾಲ ಕಾಸಾಕ ಬೇಕಾಗತೈತಿ.”

ಬಿಲ್ಲೆಗಳನ್ನು ಆಗಲೇ ಕಿತ್ತು ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೆ. ಅವಳಿಗೆ ಇನ್ನೂ ಹೇಳಿಲ್ಲ.