ಹಳೆಯ ಕಾರುಗಳಲ್ಲಿ ಮರುಕಳಿಸುವ ವಿದ್ಯುತ್ ದೋಷ: ಬಿಡಿಭಾಗ ಬದಲಿಸುವ ಮುನ್ನ

ಬಳಸಿದ ಕಾರುಗಳ ಮಾರಾಟದಲ್ಲಿ ತೊಡಗಿರುವ ವರ್ತಕರಿಗೆ ಎಂಜಿನ್ನಿನ ದೋಷಕ್ಕಿಂತಲೂ ವಿದ್ಯುತ್ತಿನ ದೋಷವೇ ಹೆಚ್ಚಿನ ತಲೆನೋವು ತರುತ್ತದೆ. ಎಂಜಿನ್ನಿನ ದೋಷವು ಸದ್ದಿನಿಂದಲೋ ಹೊಗೆಯಿಂದಲೋ ಖರೀದಿಯ ಹೊತ್ತಿಗೇ ಬಹುಮಟ್ಟಿಗೆ ತಿಳಿದುಬರುತ್ತದೆ. ವಿದ್ಯುತ್ ದೋಷ ಹಾಗಲ್ಲ. ಅಂಗಳದಲ್ಲಿ ನಿಂತಿರುವಾಗ ಸರಿಯಾಗಿಯೇ ಇದ್ದ ಕಾರು, ಗಿರಾಕಿಯ ಮನೆ ಸೇರಿದ ಮೂರನೆಯ ವಾರದಲ್ಲಿ ಒಂದು ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಬದಲಿಸಲಾಗುತ್ತದೆ. ತಿಂಗಳೊಳಗೆ ಅದೇ ದೂರು. ಗ್ಯಾರೇಜುಗಳಲ್ಲಿ ಇಂದಿಗೂ ಡೈನಮೋ ಎಂದೇ ಕರೆಯಲಾಗುವ ಆಲ್ಟರ್ನೇಟರನ್ನು ಬದಲಿಸಲಾಗುತ್ತದೆ. ಮತ್ತೆ ಅದೇ ದೂರು. ಇಷ್ಟರಲ್ಲಿ ಮಾರಾಟದ ಲಾಭ ಕರಗಿರುತ್ತದೆ. ಗಿರಾಕಿಯು ತನ್ನ ಬಂಧುಬಳಗಕ್ಕೆಲ್ಲ ವರ್ತಕರ ಹೆಸರನ್ನು ಹೇಳಿಯೂ ಆಗಿರುತ್ತದೆ.

ಈ ವ್ಯವಹಾರಕ್ಕೆ ಈಗ ಕಾನೂನಿನ ಚೌಕಟ್ಟೂ ಇದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ನೋಂದಾಯಿತ ವಾಹನಗಳನ್ನು ಕೊಂಡು ಮಾರುವ ವರ್ತಕರು ಅಧಿಕೃತ ಪ್ರಮಾಣಪತ್ರ ಪಡೆಯಬೇಕಾಗಿದೆ. ವಾಹನವು ತಮ್ಮ ವಶದಲ್ಲಿರುವಷ್ಟು ಕಾಲ ಅವರನ್ನು ಅದರ ಮಾಲೀಕರೆಂದೇ ಭಾವಿಸಲಾಗುತ್ತದೆ. ಆದ್ದರಿಂದ ಕಾರು ಅಂಗಳದಲ್ಲಿರುವಾಗಲೇ ದೋಷವನ್ನು ಗುರುತಿಸುವುದು ವರ್ತಕರ ಹಿತದೃಷ್ಟಿಯಿಂದಲೂ ಅಗತ್ಯ.

ಬಿಡಿಭಾಗ ಬದಲಿಸಿದ ಮೇಲೂ ದೋಷ ಮರುಕಳಿಸುತ್ತದೆಯೆಂದರೆ, ಅದು ಬಹುತೇಕ ಸಂದರ್ಭಗಳಲ್ಲಿ ಬದಲಿಸಿದ ಭಾಗದಲ್ಲಿ ಇರಲೇ ಇಲ್ಲ. ಎರಡು ಭಾಗಗಳ ನಡುವಣ ದಾರಿಯಲ್ಲಿತ್ತು. ಆ ದಾರಿಯೆಂದರೆ ತಂತಿ, ಅದರ ತುದಿಯ ಕಪ್ಲರ್, ಬೋಲ್ಟಿನಡಿಯ ಅರ್ತಿಂಗ್, ಹಿಂದಿನ ಮಾಲೀಕರು ಸುತ್ತಿಸಿದ ಇನ್ಸುಲೇಷನ್ ಟೇಪು. ಇವಾವುವೂ ಬಿಡಿಭಾಗಗಳ ಅಂಗಡಿಯ ಕಪಾಟಿನಲ್ಲಿ ಸಿಗುವ ಸರಕುಗಳಲ್ಲವಾದ್ದರಿಂದ ಯಾರೂ ಅವುಗಳನ್ನು ಬದಲಿಸುವ ಗೋಜಿಗೆ ಹೋಗುವುದಿಲ್ಲ.

ಬ್ಯಾಟರಿ ಹೇಳುವುದೇನು?

ಪರಿಶೀಲನೆ ಬ್ಯಾಟರಿಯಿಂದಲೇ ಆರಂಭವಾಗಬೇಕು, ಆದರೆ ಅಲ್ಲಿಯೇ ಮುಗಿಯಬಾರದು. ಕಾರಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಸುಮಾರು 2.1 ವೋಲ್ಟಿನ ಆರು ಕೋಶಗಳಿರುತ್ತವೆ. ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ, ಪೂರ್ಣ ಚಾರ್ಜ್ ಆದ ಬ್ಯಾಟರಿಯು 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. 12.2 ಎಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿಳಿದರೆ ಉಳಿದಿರುವುದು ಕಾಲು ಭಾಗಕ್ಕಿಂತ ಕಡಿಮೆ. ಎಂಜಿನ್ ತಿರುಗುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಹೊಸ ಮಾದರಿಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರ್ ಹೆಚ್ಚಿಸುತ್ತ ತಗ್ಗಿಸುತ್ತ ಇರುವುದರಿಂದ, ಒಮ್ಮೆ ಕಡಿಮೆ ಕಂಡಿತೆಂದು ಆಲ್ಟರ್ನೇಟರನ್ನು ಬಿಚ್ಚುವುದು ದುಡುಕಾದೀತು.

ಹೊಸ ಬ್ಯಾಟರಿಯು ದೋಷವನ್ನು ನಿವಾರಿಸದೆ ಮುಂದೂಡುತ್ತದೆ. ರಾತ್ರಿಯೆಲ್ಲ ವಿದ್ಯುತ್ ಸೋರುವ ಕಾರಿಗೆ ಹೊಸ ಬ್ಯಾಟರಿ ಇಟ್ಟರೆ, ಅದರ ಬಲದಿಂದ ಕೆಲವು ವಾರ ಎಲ್ಲವೂ ಸರಿಹೋದಂತೆ ತೋರುತ್ತದೆ. ಪದೇಪದೇ ಖಾಲಿಯಾಗಿ ಅದೂ ಸೊರಗಿದ ಮೇಲೆ ದೂರು ಮರಳುತ್ತದೆ. ‘ಬ್ಯಾಟರಿ ಹಾಕಿದ ಮೇಲೆ ಒಂದು ತಿಂಗಳು ಚೆನ್ನಾಗಿತ್ತು’ ಎಂಬ ಗಿರಾಕಿಯ ಮಾತನ್ನು ಮೆಕ್ಯಾನಿಕರು ಬ್ಯಾಟರಿಯ ಗುಣಮಟ್ಟದ ಮೇಲಿನ ದೂರೆಂದು ತಿಳಿಯುವುದುಂಟು. ಸೋರಿಕೆ ಇದೆಯೆಂಬುದಕ್ಕೆ ಅದು ಸಾಕಷ್ಟು ಬಲವಾದ ಸೂಚನೆ.

ಅರ್ತಿಂಗ್ ಎಂಬ ಮರೆತ ಅರ್ಧ

ಮನೆಯ ವೈರಿಂಗಿನಲ್ಲಿ ಪ್ರತಿ ದೀಪಕ್ಕೂ ಹೋಗುವ ತಂತಿ, ಬರುವ ತಂತಿ ಎರಡೂ ಇರುತ್ತವೆ. ಕಾರಿನಲ್ಲಿ ಹಿಂದಿರುಗುವ ದಾರಿ ಬಹುಮಟ್ಟಿಗೆ ಬಾಡಿಯ ಉಕ್ಕೇ. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೊಂದು, ಎಂಜಿನ್ನಿಗೊಂದು ದಪ್ಪ ಕೇಬಲ್. ಉಳಿದೆಡೆ ಅಲ್ಲಲ್ಲಿ ತಂತಿಗಳ ಕಟ್ಟೊಂದನ್ನು ಒಂದು ಬೋಲ್ಟಿನಡಿ ಬಿಗಿದಿರುತ್ತಾರೆ. ಹತ್ತು ವರ್ಷ ಮಳೆ, ಕೆಸರು, ಬ್ಯಾಟರಿಯ ಆಮ್ಲದ ಆವಿಗಳಿಗೆ ಒಡ್ಡಿಕೊಂಡ ಆ ಬೋಲ್ಟಿನಡಿ ತುಕ್ಕು ಸೇರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಿದ ಕಾರಿಗೆ ಹತ್ತು ವರ್ಷವೂ ಬೇಕಾಗದು. ಅಪಘಾತದ ನಂತರ ಬಾಡಿಗೆ ಬಣ್ಣ ಹೊಡೆದವರು ಬೋಲ್ಟಿನಡಿಯ ಬಣ್ಣವನ್ನು ಕೆರೆಯದೆ ಬಿಗಿದಿದ್ದರೂ ಪರಿಣಾಮ ಅದೇ.

ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎನ್ನುವ ಸ್ಟಾರ್ಟರ್ ಮೋಟಾರು 150 ಆಂಪಿಯರ್ ಎಳೆಯುತ್ತಿದೆ ಎಂದಿಟ್ಟುಕೊಳ್ಳೋಣ. ಅರ್ತಿಂಗ್ ಜೋಡಣೆಯಲ್ಲಿ ಕೇವಲ 0.01 ಓಮ್ ರೋಧ ಸೇರಿಕೊಂಡರೂ ಅಲ್ಲಿಯೇ 1.5 ವೋಲ್ಟ್ ನಷ್ಟವಾಗುತ್ತದೆ. 225 ವ್ಯಾಟ್ ಶಾಖ ಆ ಒಂದು ಬೋಲ್ಟಿನಲ್ಲಿ ಹುಟ್ಟುತ್ತದೆ. ಮೋಟಾರು ನಿಧಾನವಾಗಿ ನರಳುತ್ತ ತಿರುಗುತ್ತದೆ. ನೋಡಿದವರು ಬ್ಯಾಟರಿ ಸತ್ತಿದೆ ಎನ್ನುತ್ತಾರೆ, ಇಲ್ಲವೇ ಸೆಲ್ಫ್ ಮೋಟಾರು ಬಿಚ್ಚುತ್ತಾರೆ.

ಇಂತಹ ದೋಷವನ್ನು ಮೀಟರಿನ ಓಮ್ ಮಾಪನದಿಂದ ಹುಡುಕಲು ಹೊರಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ನೂರಾರು ಎಳೆಗಳಲ್ಲಿ ನಾಲ್ಕೇ ಉಳಿದಿರುವ ಕೇಬಲ್ ಕೂಡ ಓಮ್ ಮೀಟರಿನಲ್ಲಿ ಸೊನ್ನೆಯ ಸಮೀಪವೇ ತೋರಿಸುತ್ತದೆ, ಏಕೆಂದರೆ ಮೀಟರು ಅದರ ಮೂಲಕ ಹರಿಸುವ ಪ್ರವಾಹ ಅತ್ಯಲ್ಪ. ಭಾರ ಬಿದ್ದಾಗಲೇ ಅಳೆಯಬೇಕು. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ (ಕ್ಲಿಪ್ಪಿಗಲ್ಲ, ಕಂಬಕ್ಕೇ), ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿದು, ಸಹಾಯಕನಿಂದ ಸೆಲ್ಫ್ ಹೊಡೆಸಬೇಕು. ಆ ಕ್ಷಣದಲ್ಲಿ ಮೀಟರು ತೋರಿಸುವುದೇ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜು. ಸ್ಟಾರ್ಟರಿನ ಭಾರೀ ಪ್ರವಾಹದಲ್ಲಿಯೂ ಅದು ಅರ್ಧ ವೋಲ್ಟ್ ಮೀರಬಾರದು. ದೀಪ, ಫ್ಯಾನುಗಳ ಅರ್ತಿಂಗಿನಲ್ಲಿ 0.1ರಿಂದ 0.2 ವೋಲ್ಟಿನೊಳಗಿರಬೇಕು. ಐದು ನಿಮಿಷದ ಈ ಪರೀಕ್ಷೆಯನ್ನು ಖರೀದಿಯ ದಿನವೇ ಮಾಡುವ ವರ್ತಕರು ವಿರಳ.

ಅರ್ತಿಂಗ್ ಕೆಟ್ಟಿರುವುದಕ್ಕೆ ಹೊರಗಿನ ಲಕ್ಷಣಗಳೂ ಉಂಟು. ಇಂಡಿಕೇಟರ್ ಹಾಕಿದಾಗ ಬ್ರೇಕ್ ದೀಪ ಮಿಣಮಿಣ ಎನ್ನುವುದು, ಹೆಡ್‌ಲೈಟ್ ಹಾಕಿದೊಡನೆ ಉಷ್ಣತೆಯ ಮುಳ್ಳು ಜಿಗಿಯುವುದು, ಒಂದು ಸ್ವಿಚ್ಚಿಗೆ ಸಂಬಂಧವಿಲ್ಲದ ಇನ್ನೊಂದು ದೀಪ ಮಂದವಾಗಿ ಉರಿಯುವುದು. ವಿದ್ಯುತ್ತು ತನ್ನ ದಾರಿ ಮುಚ್ಚಿದಾಗ ಬೇರೊಂದು ಉಪಕರಣದ ಮೂಲಕ ಹಿಂದಿರುಗುತ್ತಿದೆ ಎಂಬುದೇ ಇದರ ಅರ್ಥ. ಚಿಕಿತ್ಸೆ ಅಗ್ಗವಾದುದು: ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರುವುದು.

ರಾತ್ರಿಯ ಸೋರಿಕೆ

ಕೀಲಿ ತೆಗೆದ ಮೇಲೂ ಗಡಿಯಾರ, ಅಲಾರಂ, ಕಂಪ್ಯೂಟರುಗಳಿಗೆ ಸ್ವಲ್ಪ ವಿದ್ಯುತ್ ಬೇಕೇ ಬೇಕು. 50 ಮಿಲಿ ಆಂಪಿಯರ್‌ವರೆಗೆ ಸಾಮಾನ್ಯವೆಂದು ಪರಿಗಣಿಸಲಾಗುತ್ತದೆ. ಅದೇ 400 ಮಿಲಿ ಆಂಪಿಯರ್ ಆದರೆ ದಿನಕ್ಕೆ 9.6 ಆಂಪಿಯರ್-ಗಂಟೆ, 45 ಆಂಪಿಯರ್-ಗಂಟೆಯ ಬ್ಯಾಟರಿ ಎರಡೂವರೆ ದಿನದೊಳಗೆ ಅರ್ಧ ಖಾಲಿ. ಶನಿವಾರ ನಿಲ್ಲಿಸಿದ ಕಾರು ಸೋಮವಾರ ಮುಷ್ಕರ ಹೂಡುವುದಕ್ಕೆ ಕಾರಣ ಇದೇ.

ವರ್ತಕರು ವಿಶೇಷವಾಗಿ ಗಮನಿಸಬೇಕಾದುದು ಇನ್ನೊಂದಿದೆ. ಕೇವಲ 30 ಮಿಲಿ ಆಂಪಿಯರ್ ಎಳೆಯುವ, ಯಾವ ದೋಷವೂ ಇಲ್ಲದ ಕಾರು ಕೂಡ ಅಂಗಳದಲ್ಲಿ ಒಂದು ತಿಂಗಳು ನಿಂತರೆ ಸುಮಾರು 21.6 ಆಂಪಿಯರ್-ಗಂಟೆ ಕಳೆದುಕೊಳ್ಳುತ್ತದೆ. ಅರೆಬರೆ ಚಾರ್ಜಿನಲ್ಲಿ ಬಹುಕಾಲ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಅದರ ಸಾಮರ್ಥ್ಯ ಮರಳಿ ಬಾರದಂತೆ ಕುಗ್ಗುತ್ತದೆ. ಗಿರಾಕಿಯ ಮನೆಯಲ್ಲಿ ‘ಕೆಟ್ಟ’ ಎಷ್ಟೋ ಬ್ಯಾಟರಿಗಳು ವಾಸ್ತವವಾಗಿ ಅಂಗಳದಲ್ಲಿಯೇ ಕೆಟ್ಟಿರುತ್ತವೆ. ಎರಡು ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸುವ ರೂಢಿಯಿಂದ ಪ್ರಯೋಜನ ಕಡಿಮೆ. ನೆಗೆಟಿವ್ ಟರ್ಮಿನಲ್ ಕಳಚಿಡುವುದು ಅಥವಾ ಚಾರ್ಜರ್ ಹಚ್ಚುವುದು ಲೇಸು.

ಸೋರಿಕೆಯನ್ನು ಅಳೆಯಲು ನೆಗೆಟಿವ್ ಕೇಬಲ್ ಮತ್ತು ಬ್ಯಾಟರಿಯ ನಡುವೆ ಆಂಪಿಯರ್ ಮೀಟರನ್ನು ಸೇರಿಸಬೇಕು, ಅಥವಾ ಮಿಲಿ ಆಂಪಿಯರ್ ಅಳೆಯಬಲ್ಲ ಡಿಸಿ ಕ್ಲ್ಯಾಂಪ್ ಮೀಟರನ್ನು ಕೇಬಲ್ಲಿಗೆ ತೊಡಿಸಬೇಕು. ಸಾಲಿನಲ್ಲಿ ಸೇರಿಸಿದ ಮೀಟರಿನೊಡನೆ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹಾರುವುದು ಖಚಿತ. ಬಾಗಿಲುಗಳ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ‘ಮುಚ್ಚಿದೆ’ ಎಂದು ಕಾರಿಗೆ ತೋರಿಸಿ, ಕೀಲಿಯನ್ನು ದೂರವಿಟ್ಟು, ಕನಿಷ್ಠ ಅರ್ಧ ಗಂಟೆ ಕಾಯಬೇಕು. ಒಳಗಿನ ಕಂಪ್ಯೂಟರುಗಳು ನಿದ್ರೆಗೆ ಜಾರಲು ಅಷ್ಟು ಸಮಯ ಬೇಕು. ಅವಸರದಲ್ಲಿ ಅಳೆದವರಿಗೆ ಎಲ್ಲ ಕಾರುಗಳೂ ಸೋರುವಂತೆಯೇ ಕಾಣುತ್ತವೆ. ಪ್ರವಾಹ ಆ ನಂತರವೂ ಇಳಿಯದಿದ್ದರೆ ಒಂದೊಂದಾಗಿ ಫ್ಯೂಸ್ ಕೀಳುವುದು ಹಳೆಯ ಪದ್ಧತಿ. ಆದರೆ ಫ್ಯೂಸ್ ಕಿತ್ತು ಹಾಕುವಾಗ ಮಲಗಿದ್ದ ಕಂಪ್ಯೂಟರುಗಳು ಮತ್ತೆ ಎಚ್ಚರಗೊಂಡು ಲೆಕ್ಕ ತಪ್ಪುತ್ತದೆ. ಫ್ಯೂಸನ್ನು ಕೀಳದೆಯೇ, ಅದರ ಬೆನ್ನ ಮೇಲಿನ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯುವುದು ಸರಿಯಾದ ಕ್ರಮ. ಪ್ರವಾಹ ಹರಿಯುತ್ತಿರುವ ಫ್ಯೂಸಿನಲ್ಲಿ ಮಾತ್ರ ಅಂಕಿ ಕಾಣಿಸುತ್ತದೆ. ಯಾವ ಫ್ಯೂಸಿನಲ್ಲೂ ಕಾಣದಿದ್ದರೆ ಆಲ್ಟರ್ನೇಟರಿನೊಳಗಿನ ಡಯೋಡನ್ನು ಶಂಕಿಸಬೇಕು.

ಹಿಂದಿನ ಮಾಲೀಕರ ‘ಎಕ್ಸ್‌ಟ್ರಾ ಫಿಟಿಂಗ್’

ಸೋರಿಕೆಯ ಜಾಡು ಹಿಡಿದು ಹೊರಟವರು ತಲುಪುವ ತಾಣ ಹೆಚ್ಚಿನ ಸಲ ಒಂದೇ: ಕಂಪನಿಯ ವೈರಿಂಗಿಗೆ ಆಮೇಲೆ ಸೇರಿಸಿದ ಮ್ಯೂಸಿಕ್ ಸಿಸ್ಟಂ, ಆಂಪ್ಲಿಫೈಯರ್, ರಿವರ್ಸ್ ಕ್ಯಾಮೆರಾ, ಜಿಪಿಎಸ್ ಉಪಕರಣ. ತಂತಿಯ ಹೊದಿಕೆಯನ್ನು ಹಲ್ಲಿನಿಂದ ಸುಲಿದು, ಇನ್ನೊಂದು ತಂತಿಯನ್ನು ತಿರುಚಿ, ಟೇಪು ಸುತ್ತಿದ ಜೋಡಣೆ ಎರಡು ಬೇಸಿಗೆಯಲ್ಲಿ ಅಂಟು ಕಳಚಿ ಬಿಚ್ಚಿಕೊಳ್ಳುತ್ತದೆ. ತೇವಾಂಶ ಒಳಸೇರಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಹೊದಿಕೆಯೊಳಗೇ ಅದು ಗೇಣುದ್ದ ಹರಡಿ, ಹೊರಗೆ ಏನೂ ಕಾಣದಂತಿರುತ್ತದೆ.

ಹೆಚ್ಚು ವ್ಯಾಟಿನ ಬಲ್ಬುಗಳದ್ದು ಇನ್ನೂ ಗಂಭೀರ ವಿಷಯ. 55 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಸುಮಾರು 9.2 ಆಂಪಿಯರ್ ಎಳೆಯುತ್ತವೆ. 100 ವ್ಯಾಟಿನವು 16.7 ಆಂಪಿಯರ್. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದೇ ತಂತಿ, ಅದೇ ಕಪ್ಲರಿನಲ್ಲಿ ಮೂರು ಪಟ್ಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಆಗ ಫ್ಯೂಸ್ ಪದೇಪದೇ ಹಾರುತ್ತದೆ; 10 ಆಂಪಿಯರಿನ ಕೆಂಪು ಫ್ಯೂಸಿನ ಜಾಗದಲ್ಲಿ 30ರ ಹಸಿರು ಫ್ಯೂಸ್, ಅದೂ ಸಿಗದಿದ್ದರೆ ಸಿಗರೇಟಿನ ಬೆಳ್ಳಿಕಾಗದ ಬರುತ್ತದೆ. ಫ್ಯೂಸ್ ಇರುವುದು ತಂತಿಯನ್ನು ಕಾಯುವುದಕ್ಕಾಗಿ. ಅದು ಹಾರದಂತೆ ಮಾಡಿದರೆ ಮುಂದೆ ಉರಿಯುವುದು ತಂತಿ. ಖರೀದಿಯ ವೇಳೆ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲಿನ ನಕ್ಷೆಯೊಡನೆ ಫ್ಯೂಸುಗಳ ಬಣ್ಣವನ್ನು ಹೋಲಿಸಿ ನೋಡಿದರೆ, ಆ ಕಾರನ್ನು ಎಂತಹವರು ರಿಪೇರಿ ಮಾಡಿದ್ದಾರೆ ಎಂಬುದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಇಲಿಗಳು ಕಡಿದ ವೈರಿಂಗ್ ಕಣ್ಣಿಗೆ ಬೇಗ ಬೀಳುತ್ತದೆ. ನೆರೆಗೆ ಸಿಕ್ಕ ಕಾರು ಹಾಗೆ ಬೀಳುವುದಿಲ್ಲ. 2015ರ ಡಿಸೆಂಬರ್‌ನ ಚೆನ್ನೈ ನೆರೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ನಿಂತ ನೀರು, ಇಂತಹ ಸಂದರ್ಭಗಳಲ್ಲಿ ಮುಳುಗಿದ ಕಾರುಗಳು ತೊಳೆದು ಒರೆಸಿದ ಮೇಲೆ ನೋಡಲು ಚೆನ್ನಾಗಿಯೇ ಇರುತ್ತವೆ. ಸೀಟಿನಡಿಯ ಕಪ್ಲರುಗಳನ್ನು ಬಿಚ್ಚಿ ನೋಡಬೇಕು. ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ಎಂದು ಪರೀಕ್ಷಿಸಬೇಕು. ನೆರೆಯ ಕಾರಿನಲ್ಲಿ ಒಂದು ದೋಷವನ್ನು ಸರಿಪಡಿಸಿದರೆ ಮುಂದಿನ ತಿಂಗಳು ಇನ್ನೊಂದು ಕಪ್ಲರ್ ಕೈಕೊಡುತ್ತದೆ. ಅಂತಹ ಕಾರನ್ನು ಕೊಳ್ಳದಿರುವುದೇ ಮೇಲು.

ಸ್ಕ್ಯಾನರಿನ ಮಾತು

ಸ್ಕ್ಯಾನರ್ ಹಚ್ಚಿದರೆ ದೋಷ ತಾನೇ ಹೊರಬರುತ್ತದೆ ಎಂಬ ನಂಬಿಕೆ ಈಚೆಗೆ ಬೆಳೆದಿದೆ. ಸ್ಕ್ಯಾನರ್ ತೋರಿಸುವುದು ಕಂಪ್ಯೂಟರಿಗೆ ಅನುಭವವಾದುದನ್ನು ಮಾತ್ರ. ವೋಲ್ಟೇಜ್ ಕುಸಿದಾಗ ಸ್ಟೀರಿಂಗ್, ಎಬಿಎಸ್, ಏರ್‌ಬ್ಯಾಗ್ ಎಲ್ಲ ಘಟಕಗಳೂ ಒಟ್ಟಿಗೇ ದೂರು ದಾಖಲಿಸುತ್ತವೆ. ಹತ್ತು ಕೋಡ್‌ಗಳ ನಡುವೆ ಪಿ0562, ಅಂದರೆ ವ್ಯವಸ್ಥೆಯ ವೋಲ್ಟೇಜ್ ಕಡಿಮೆ ಎಂಬ ಕೋಡ್ ಇದ್ದರೆ ಮೊದಲು ಅದನ್ನೇ ಹಿಡಿಯಬೇಕು. ಉಳಿದವು ಅದರ ಮರಿಗಳಿರಬಹುದು. ಘಟಕಗಳ ನಡುವೆ ಸಂಪರ್ಕ ಕಡಿದಿದೆ ಎಂಬ ಕೋಡ್ ಬಂದಾಗ, ಬ್ಯಾಟರಿ ಕಳಚಿ, ರೋಗನಿದಾನದ ಸಾಕೆಟ್ಟಿನ 6 ಮತ್ತು 14ನೆಯ ಪಿನ್‌ಗಳ ನಡುವೆ ಓಮ್ ಅಳೆಯುವುದು ಸರಳ ಪರೀಕ್ಷೆ. ಸಂಪರ್ಕ ಜಾಲದ ಎರಡು ತುದಿಗಳಲ್ಲಿ ತಲಾ 120 ಓಮ್ ಇರುವುದರಿಂದ ಮೀಟರು ಸುಮಾರು 60 ತೋರಿಸಬೇಕು. 120 ಬಂದರೆ ಒಂದು ತುದಿಯ ದಾರಿ ಎಲ್ಲಿಯೋ ಕಡಿದಿದೆ ಎಂದರ್ಥ. ಎಲ್ಲ ತಯಾರಕರೂ ಆ ಜಾಲವನ್ನು ಸಾಕೆಟ್ಟಿಗೆ ನೇರವಾಗಿ ತಂದಿರುವುದಿಲ್ಲವಾದ್ದರಿಂದ ಆ ಮಾದರಿಯ ನಕ್ಷೆಯನ್ನು ನೋಡಿಕೊಳ್ಳುವುದು ಕ್ಷೇಮ. ಮಾರುವವರು ಹಿಂದಿನ ದಿನವಷ್ಟೇ ಕೋಡ್‌ಗಳನ್ನು ಅಳಿಸಿ ತಂದಿದ್ದರೆ, ಹೊಗೆ ನಿಯಂತ್ರಣದ ಸ್ವಯಂಪರೀಕ್ಷೆಗಳು ಅಪೂರ್ಣ ಎಂದು ಸ್ಕ್ಯಾನರಿನಲ್ಲಿ ಕಾಣುತ್ತದೆ. ಖರೀದಿದಾರರಿಗೆ ಇದು ಬಹಳ ಉಪಯುಕ್ತ ಸುಳಿವು.

ಅಳೆಯುವ ಕೆಲಸಕ್ಕೆ ಕೂಲಿ ಯಾರು ಕೊಡಬೇಕು?

ಇಷ್ಟೆಲ್ಲ ತಿಳಿದ ಎಲೆಕ್ಟ್ರಿಷಿಯನ್ನರು ನಮ್ಮ ಊರುಗಳಲ್ಲಿ ಇಲ್ಲವೆಂದಲ್ಲ. ತೊಡಕಿರುವುದು ಬಿಲ್ಲಿನಲ್ಲಿ. ಆಲ್ಟರ್ನೇಟರಿಗೆ ಸಾವಿರಾರು ರೂಪಾಯಿ ಕೊಡಲು ಸಿದ್ಧವಿರುವ ಮಾಲೀಕರು, ಎರಡು ಗಂಟೆ ಅಳೆದು ಒಂದು ಬೋಲ್ಟ್ ಉಜ್ಜಿದ ಕೆಲಸಕ್ಕೆ ಐನೂರು ಕೇಳಿದರೆ ಹುಬ್ಬೇರಿಸುತ್ತಾರೆ. ಪರಿಶೀಲನೆ ಉಚಿತ, ಬಿಡಿಭಾಗದಲ್ಲಿ ಲಾಭ ಎಂಬ ಪದ್ಧತಿ ಇರುವವರೆಗೆ ಗ್ಯಾರೇಜಿನವರು ಬಿಡಿಭಾಗವನ್ನೇ ಬದಲಿಸುತ್ತಾರೆ. ಬಳಸಿದ ಕಾರುಗಳ ವರ್ತಕರು ತಮಗೆ ನಿಯಮಿತವಾಗಿ ಕೆಲಸ ಮಾಡಿಕೊಡುವ ಎಲೆಕ್ಟ್ರಿಷಿಯನ್ನರಿಗೆ ಕಾರೊಂದಕ್ಕೆ ಇಷ್ಟೆಂದು ಪರೀಕ್ಷಾ ಶುಲ್ಕ ಗೊತ್ತುಪಡಿಸಿ, ಅಳೆದ ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳುವುದು ಸೂಕ್ತ: ವಿಶ್ರಾಂತಿ ವೋಲ್ಟೇಜ್, ಚಾರ್ಜಿಂಗ್ ವೋಲ್ಟೇಜ್, ಸೆಲ್ಫ್ ಹೊಡೆಯುವಾಗಿನ ಅರ್ತಿಂಗ್ ಕುಸಿತ, ರಾತ್ರಿಯ ಸೋರಿಕೆ. ಗಿರಾಕಿಯಿಂದ ದೂರು ಬಂದ ದಿನ ಅದೇ ನಾಲ್ಕು ಅಂಕಿಗಳನ್ನು ಮತ್ತೆ ಅಳೆದರೆ, ಬದಲಾದುದು ಯಾವುದೆಂದು ವಾದವಿಲ್ಲದೆ ತಿಳಿಯುತ್ತದೆ.

ದೂರು ಸ್ವೀಕರಿಸುವಾಗ ಕೇಳಬೇಕಾದ ಪ್ರಶ್ನೆಗಳನ್ನೂ ಅದೇ ಹಾಳೆಯಲ್ಲಿ ಅಚ್ಚು ಮಾಡಿಸಬಹುದು. ಮಳೆಯಲ್ಲಿಯೋ ಬಿಸಿಲಿನಲ್ಲಿಯೋ, ಹಳ್ಳ ಹಾರಿದಾಗಲೋ ಸ್ಟೀರಿಂಗ್ ತಿರುಗಿಸಿದಾಗಲೋ, ಎಷ್ಟು ಗಂಟೆ ನಿಂತ ಮೇಲೆ, ಆಗ ಯಾವ ಸ್ವಿಚ್ ಹಾಕಿತ್ತು. ಗ್ಯಾರೇಜಿಗೆ ಬಂದಾಗ ತೋರದ ದೋಷವನ್ನು ಆ ಸಂದರ್ಭವನ್ನೇ ಮರುಸೃಷ್ಟಿಸಿ ಬರಿಸಬೇಕಾಗುತ್ತದೆ. ಮಳೆಯಲ್ಲಿ ಮಾತ್ರ ಬರುವ ದೋಷಕ್ಕೆ ನೀರಿನ ಪೈಪು, ಹಳ್ಳದಲ್ಲಿ ಬರುವುದಕ್ಕೆ ವೈರಿಂಗ್ ಕಟ್ಟನ್ನು ಕೈಯಿಂದ ಅಲುಗಾಡಿಸುತ್ತ ಮೀಟರ್ ನೋಡುವುದು.

ಹಳದಿ ಬಣ್ಣದ ಏರ್‌ಬ್ಯಾಗ್ ಕಪ್ಲರುಗಳಿಗೆ ಮಾತ್ರ ಮೀಟರಿನ ಮೊನೆಯನ್ನಾಗಲಿ ಟೆಸ್ಟ್ ಲ್ಯಾಂಪನ್ನಾಗಲಿ ತಾಗಿಸಕೂಡದು. ಈಗ ಹಳೆಯ ಕಾರುಗಳ ಮಾರುಕಟ್ಟೆಗೂ ಬರತೊಡಗಿರುವ ಹೈಬ್ರಿಡ್ ಹಾಗೂ ವಿದ್ಯುತ್ ಕಾರುಗಳಲ್ಲಿಯೂ ಸಾಮಾನ್ಯವಾಗಿ 12 ವೋಲ್ಟಿನ ಸಣ್ಣ ಬ್ಯಾಟರಿ ಇದ್ದೇ ಇರುತ್ತದೆ. ಅದರ ಅರ್ತಿಂಗ್ ಮತ್ತು ಸೋರಿಕೆಗಳಿಗೆ ಮೇಲಿನ ಕ್ರಮಗಳು ಅನ್ವಯಿಸುತ್ತವೆ. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುವುದರಿಂದ ಅವುಗಳನ್ನು ತರಬೇತಿ ಪಡೆದವರಿಗೇ ಬಿಡಬೇಕು.